ವರ್ಷದ ಸಾಮಾನು ತುಂಬಿಡುವುದು: ಬೇಳೆ, ಮೆಣಸಿನಕಾಯಿ, ಹುಣಸೆಹಣ್ಣು

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಂತೆ ವರ್ಷದ ಸಾಮಾನು ತುಂಬುವುದು ನಮ್ಮ ಹಳೆಯ ಮನೆಗಳ ಪದ್ಧತಿ. ನಾಲ್ಕು ಜನರ ಅಡುಗೆಗೆ ನಾನು ಇವತ್ತಿಗೂ ಅದನ್ನೇ ಅನುಸರಿಸುತ್ತೇನೆ. ತೊಗರಿ ಡಿಸೆಂಬರ್–ಜನವರಿಯಲ್ಲಿ ಕಟಾವಾಗುತ್ತದೆ, ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ರಾಶಿ ಬೀಳುವುದು ಜನವರಿಯಿಂದ ಮಾರ್ಚ್‌ವರೆಗೆ, ಹೊಸ ಹುಣಸೆ ಬರುವುದು ಅದರ ಬೆನ್ನಿಗೇ. ಆವಕ ಹೆಚ್ಚಿರುವಾಗ ಕೊಂಡರೆ ದುಡ್ಡು ಉಳಿಯುತ್ತದೆ ನಿಜ. ಆದರೆ ಆಷಾಢದ ಹೊತ್ತಿಗೆ ಹುಳು ಬಿದ್ದು ಐದು ಕೆಜಿ ಬೇಳೆ ಚೆಲ್ಲಿದರೆ ಉಳಿದದ್ದೆಲ್ಲ ಅದರ ಜೊತೆಗೇ ಹೋಗುತ್ತದೆ. ಹಾಗಾಗಿ ಕೊಳ್ಳುವುದಕ್ಕಿಂತ ಒಣಗಿಸುವುದಕ್ಕೆ ನಾನು ಹೆಚ್ಚು ಹೊತ್ತು ಕೊಡುತ್ತೇನೆ.

ನಮ್ಮ ಲೆಕ್ಕ ಹೀಗೆ: ತೊಗರಿಬೇಳೆ ತಿಂಗಳಿಗೆ ಎರಡೂವರೆ ಕೆಜಿ, ವರ್ಷಕ್ಕೆ 30. ಹುಣಸೆಹಣ್ಣು 5 ಕೆಜಿ, ಒಣಮೆಣಸಿನಕಾಯಿ 3 ಕೆಜಿ. ಮೂರು ತಿಂಗಳು ನಿಮ್ಮ ಮನೆಯಲ್ಲಿ ಎಷ್ಟು ಖರ್ಚಾಗುತ್ತದೆಂದು ಬರೆದಿಟ್ಟು ನಾಲ್ಕರಿಂದ ಗುಣಿಸಿ. ಅಂದಾಜಿನ ಮೇಲೆ ಕೊಂಡರೆ ಹೆಚ್ಚೇ ಕೊಳ್ಳುತ್ತೇವೆ. ಮಳೆ ಕೈಕೊಟ್ಟ ವರ್ಷ ಸುಗ್ಗಿಯಲ್ಲೂ ಬೆಲೆ ಇಳಿಯುವುದಿಲ್ಲ, ಆಗ ಮೂರು ತಿಂಗಳಿಗಷ್ಟೇ ಸಾಕು.

ಬೇಳೆಯನ್ನು ಮೊದಲು ಜರಡಿ ಹಿಡಿದು ನುಚ್ಚು, ಹೊಟ್ಟು ತೆಗೆಯಬೇಕು. ಹುಳು ಮೊದಲು ಹೊಕ್ಕುವುದು ಆ ಪುಡಿಯಲ್ಲಿ. ಆಮೇಲೆ ಬಟ್ಟೆಯ ಮೇಲೆ ಬೆರಳ ದಪ್ಪಕ್ಕಿಂತ ತೆಳುವಾಗಿ ಹರಡಿ, ಬೆಳಗ್ಗೆ ಹತ್ತರಿಂದ ಮೂರರವರೆಗೆ ಎರಡು ದಿನ ಬಿಸಿಲಿಗೆ ಹಾಕಿ, ನಡುನಡುವೆ ಕೈಯಾಡಿಸುತ್ತೇನೆ. ಒಂದು ಬೇಳೆ ಕಚ್ಚಿದರೆ ಕಟಕ್ಕೆಂದು ಮುರಿಯಬೇಕು. ಹಲ್ಲಿಗೆ ಮೆತ್ತಗೆ ಸಿಕ್ಕಿದರೆ ಇನ್ನೊಂದು ದಿನ ಬೇಕು.

ಹೆಚ್ಚಿನವರು ತಪ್ಪುವುದು ಇದರ ಮುಂದಿನ ಹೆಜ್ಜೆಯಲ್ಲಿ. ಬಿಸಿಲಿನಿಂದ ತೆಗೆದ ಬೇಳೆಯನ್ನು ಬಿಸಿಯಿರುವಾಗಲೇ ಡಬ್ಬಿಗೆ ತುಂಬಿದರೆ, ಆರುವಾಗ ಮುಚ್ಚಳದ ಒಳಗೆ ಬೆವರು ಕಟ್ಟುತ್ತದೆ. ಆ ತೇವ ಮೇಲಿನ ಪದರಕ್ಕಿಳಿದು ಬೂಷ್ಟು ಹಿಡಿಯುತ್ತದೆ, ಎರಡು ದಿನದ ಬಿಸಿಲು ವ್ಯರ್ಥ. ನೆರಳಲ್ಲಿ ಪೂರ್ತಿ ತಣ್ಣಗಾಗಲಿ, ಆದರೆ ರಾತ್ರಿಯ ಇಬ್ಬನಿಗೆ ಸಿಕ್ಕದಿರಲಿ.

ತಣ್ಣಗಾದ ಮೇಲೆ ಹರಳೆಣ್ಣೆ. ಕೆಜಿಗೆ ಒಂದು ಟೀ ಚಮಚ, ಅಂದರೆ 5 ಮಿಲಿ. ಎರಡು ಅಂಗೈಗೂ ಸವರಿಕೊಂಡು ಎರಡೆರಡು ಕೆಜಿಯಂತೆ ಉಜ್ಜಿದರೆ ಪ್ರತಿ ಕಾಳಿಗೂ ತೆಳುವಾಗಿ ಹತ್ತುತ್ತದೆ. ಎಣ್ಣೆ ಹತ್ತಿದ ಮೈಮೇಲೆ ಹುಳುವಿನ ಮೊಟ್ಟೆ ಸರಿಯಾಗಿ ಅಂಟುವುದಿಲ್ಲ, ಅಂಟಿದ್ದಕ್ಕೂ ಗಾಳಿ ಸಿಗದೆ ಒಡೆಯುವುದಿಲ್ಲ. ಅಡುಗೆಗೆ ತೆಗೆದಾಗ ಬೆಚ್ಚಗಿನ ನೀರಲ್ಲಿ ಎರಡು ಸಲ ತೊಳೆದರೆ ವಾಸನೆ ಇರುವುದಿಲ್ಲ. ಬೋರಿಕ್ ಪುಡಿ ಬೆರೆಸುವವರಿದ್ದಾರೆ. ಅದು ವಿಷ, ತಿನ್ನುವ ವಸ್ತುವಿನ ಹತ್ತಿರ ತರಲೇಬಾರದು.

ಹುರುಳಿ, ಅವರೆ, ಅಲಸಂದೆಯಂಥ ಇಡೀ ಕಾಳುಗಳಿಗೆ ಒಡೆದ ಬೇಳೆಗಿಂತ ಬೇಗ ಹುಳು ಬೀಳುತ್ತದೆ. ಎಷ್ಟೋ ಸಲ ಹೊಲದಲ್ಲೇ ಮೊಟ್ಟೆ ಇಟ್ಟಿರುತ್ತದೆ. ಕಾಳಿನ ಮೇಲೆ ಬಿಳಿ ಚುಕ್ಕೆ ಕಂಡರೆ ಅದೇ. ಇವನ್ನು ಮೂರು ದಿನ ಒಣಗಿಸಿ ಡಬ್ಬಿಗೆ ತುಂಬಿ, ಮೇಲೆ ಎರಡು ಬೆರಳು ದಪ್ಪ ತೊಳೆದು ಒಣಗಿಸಿದ ಮರಳು ಹರಡುತ್ತೇನೆ. ರಾಗಿಗೆ ಇಷ್ಟೆಲ್ಲ ಬೇಡ. ಕಾಳು ಸಣ್ಣದು, ಹುಳು ಹೊಕ್ಕುವುದು ಕಡಿಮೆ. ಹಿಂದಿನವರು ಹಗೇವಿನಲ್ಲಿ, ಅಂದರೆ ನೆಲದಲ್ಲಿ ತೋಡಿದ ಕಾಳಿನ ಗುಂಡಿಯಲ್ಲಿ, ವರ್ಷಗಟ್ಟಲೆ ಇಡುತ್ತಿದ್ದುದು ಇದಕ್ಕೇ. ಆದರೆ ಹಿಟ್ಟಾದ ಮೇಲೆ ಬೇಗ ಕಹಿಯಾಗುತ್ತದೆ, ಹಾಗಾಗಿ ಒಂದು ಸಲಕ್ಕೆ ನಾಲ್ಕೈದು ಕೆಜಿಗಿಂತ ಹೆಚ್ಚು ಬೀಸಿಸುವುದಿಲ್ಲ.

ಹುಣಸೆಯನ್ನು ಸಿಪ್ಪೆ ಸಮೇತ ಕೊಂಡರೆ ಅಗ್ಗ, ಆದರೆ ಓಡು, ಬೀಜ, ನಾರು ತೆಗೆದರೆ ಉಳಿಯುವುದು ಸುಮಾರು ಅರ್ಧ. 5 ಕೆಜಿ ಬೇಕಾದರೆ 10 ಕೆಜಿ ತರಬೇಕು. ಬಿಡಿಸಿದ ಹಣ್ಣಿನ ಬೆಲೆಯ ಅರ್ಧಕ್ಕಿಂತ ಸಾಕಷ್ಟು ಕಡಿಮೆಗೆ ಸಿಕ್ಕರೆ ಮಾತ್ರ ಆ ಕೆಲಸಕ್ಕೆ ಕೈ ಹಾಕಿ. ಎರಡು ದಿನ ಒಣಗಿಸಿ, ಕೆಜಿಗೆ 100 ಗ್ರಾಂ ಕಲ್ಲುಪ್ಪಿನಂತೆ ಒಂದು ಪದರ ಹಣ್ಣು, ಒಂದು ಹಿಡಿ ಉಪ್ಪು ಹಾಕುತ್ತಾ ಪಿಂಗಾಣಿ ಜಾಡಿಗೆ ಒತ್ತಿ ತುಂಬುತ್ತೇನೆ. ಅಲ್ಯೂಮಿನಿಯಂ, ಕಬ್ಬಿಣದ ಪಾತ್ರೆ ಬೇಡ. ಹುಳಿ, ಉಪ್ಪು ಸೇರಿ ಲೋಹವನ್ನು ತಿನ್ನುತ್ತದೆ. ದಿನ ಕಳೆದಂತೆ ಹಣ್ಣು ಕಪ್ಪಾದರೆ ಕೆಟ್ಟಿತೆಂದು ಎಸೆಯಬೇಡಿ.

ಮೆಣಸಿನಕಾಯಿಯನ್ನು ತೊಟ್ಟು ಬಿಡಿಸದೆ ಇಡಬೇಕು. ತೊಟ್ಟು ಹೋದ ಕಡೆಯಿಂದ ಗಾಳಿ, ತೇವ, ಹುಳು ಎಲ್ಲ ಒಳಗೆ ಹೋಗುತ್ತವೆ. ಅಲ್ಲಾಡಿಸಿದರೆ ಬೀಜ ಗಲಗಲ ಎನ್ನುವಷ್ಟು ಒಣಗಿದರೆ ಸಾಕು, ಮತ್ತೂ ಬಿಸಿಲಿಗೆ ಬಿಟ್ಟರೆ ಬ್ಯಾಡಗಿಯ ಬಣ್ಣವೇ ಹೋಗುತ್ತದೆ. ಬೆಳಕು ಬೀಳದ ಡಬ್ಬಿಯಲ್ಲಿಡಿ. ಬೂಷ್ಟು ಹಿಡಿದ ಕಾಯಿ ಒಂದಾದರೂ ಸರಿ, ಒರೆಸಿ ಬಳಸಬೇಡಿ.

ರವೆ, ಮೈದಾ, ಕಡಲೆಬೀಜ, ಬೆಲ್ಲ ಇವನ್ನು ನಾನು ವರ್ಷಕ್ಕೆ ತುಂಬುವುದೇ ಇಲ್ಲ. ಕಡಲೆಬೀಜ ಕಮಟು ವಾಸನೆ ಹಿಡಿಯುತ್ತದೆ, ಬೆಲ್ಲ ಮಳೆಗಾಲದಲ್ಲಿ ನೀರೊಡೆಯುತ್ತದೆ.

ದೊಡ್ಡ ಡಬ್ಬಿಯನ್ನು ದಿನವೂ ತೆಗೆಯಬಾರದು. ಹದಿನೈದು ದಿನಕ್ಕಾಗುವಷ್ಟನ್ನು ಒಣ ಕೈಯಿಂದ ಸಣ್ಣ ಡಬ್ಬಿಗೆ ತೆಗೆದುಕೊಂಡು ಮುಚ್ಚಿಬಿಡುತ್ತೇನೆ, ಆಗಲೇ ಮುಚ್ಚಳದ ಒಳಭಾಗವನ್ನೂ ಸವರಿ ನೋಡುತ್ತೇನೆ. ತೇವ ತಗುಲಿದರೆ, ಬಿಸಿಲು ಬಂದ ಮೊದಲ ದಿನವೇ ಪೂರ್ತಿ ಡಬ್ಬಿ ಬಟ್ಟೆಯ ಮೇಲೆ ಸುರಿಯಬೇಕು.