ಸಿಪ್ಯಾಪ್ ಹಾಕಿಯೂ ನಿದ್ದೆ ಬರುತ್ತಿಲ್ಲವೇ? ಮೊದಲು ಮಾಸ್ಕ್ ನೋಡಿ

ನಿದ್ದೆಯಲ್ಲಿ ಉಸಿರು ಕಟ್ಟುತ್ತದೆಂದು ಡಾಕ್ಟ್ರು ಬರೆದುಕೊಟ್ಟ, ಮಾಸ್ಕಿನ ಮೂಲಕ ಗಾಳಿ ಒತ್ತಿ ಗಂಟಲು ತೆರೆದಿಡುವ ಸಿಪ್ಯಾಪ್ ಯಂತ್ರವನ್ನು ನಾಲ್ಕು ದಿನ ಹಾಕಿ ಕಪಾಟಿನ ಮೇಲಿಟ್ಟವರು ಮಂಗಳೂರು, ಉಡುಪಿ ಕಡೆ ಬೇಕಾದಷ್ಟು ಜನ ಸಿಗುತ್ತಾರೆ. 'ಗಾಳಿ ಜಾಸ್ತಿ ಆಯ್ತು ಮಾರಾಯ್ರೇ, ಸ್ವಲ್ಪ ಕಮ್ಮಿ ಮಾಡಿ ಕೊಡಿ' ಎಂದು ಅಂಗಡಿಗೆ ಫೋನ್ ಮಾಡುತ್ತಾರೆ. ಎಷ್ಟೋ ಸಲ ತೊಂದರೆ ಇರುವುದು ಮಾಸ್ಕಿನಲ್ಲಿ.

ಮಲಗುವ ಮೊದಲು ಸೋಪು ಹಾಕಿ ಮುಖ ತೊಳೆಯಿರಿ. ತೆಂಗಿನೆಣ್ಣೆ, ಕ್ರೀಮ್ ಬೇಡ, ಮಾಸ್ಕ್ ಜಾರುತ್ತದೆ.

ಇನ್ನು ಮಾಸ್ಕ್ ಕೂರಿಸುವುದು. ಹೆಚ್ಚಿನವರು ಕನ್ನಡಿ ಮುಂದೆ ನಿಂತು ಪಟ್ಟಿ ಬಿಗಿಯುತ್ತಾರೆ. ಮಲಗಿದಾಗ ಕೆನ್ನೆ ಸರಿಯುತ್ತದೆ, ನಿಂತಾಗ ಮಾಡಿದ ಅಳತೆ ತಪ್ಪುತ್ತದೆ. ಹಾಗಾಗಿ ಪಟ್ಟಿಗಳನ್ನೆಲ್ಲ ಸಡಿಲಿಸಿ, ಮಲಗಿ, ಆಮೇಲೆ ಯಂತ್ರ ಚಾಲೂ ಮಾಡಿ. ಗಾಳಿಯನ್ನು ನಿಧಾನಕ್ಕೆ ಏರಿಸುವ 'ರ‍್ಯಾಂಪ್' ಈ ಪರೀಕ್ಷೆಯ ಹೊತ್ತಿಗೆ ಆಫ್ ಇರಲಿ. ಪೂರ್ತಿ ಒತ್ತಡ ಬಂದಾಗಲೇ ಸೋರಿಕೆ ಗೊತ್ತಾಗುವುದು. ಈಗ ಮಾಸ್ಕನ್ನು ಮುಖದಿಂದ ನೇರ ಮುಂದಕ್ಕೆ ಸ್ವಲ್ಪ ಎಳೆದು ಮೆಲ್ಲಗೆ ಬಿಡಿ. ಒಳಗಿನ ತೆಳು ಸಿಲಿಕೋನ್ ಗಾಳಿ ತುಂಬಿ ಉಬ್ಬಿ ಕೂರುತ್ತದೆ. ನಂತರ ಕೆಳಗಿನ ಪಟ್ಟಿಯನ್ನು ಎರಡೂ ಕಡೆ ಸಮನಾಗಿ ಎಳೆಯಿರಿ, ಆಮೇಲೆ ಮೇಲಿನದ್ದು. ಸೋರುವುದು ನಿಂತ ಕೂಡಲೇ ಕೈ ತೆಗೆಯಿರಿ. ಇನ್ನೂ ಬಿಗಿದರೆ ಸಿಲಿಕೋನ್ ಮಡಚಿಕೊಂಡು ಮತ್ತೆ ಸೋರುತ್ತದೆ. ಬೆಳಿಗ್ಗೆ ಮೂಗಿನ ಮೇಲೆ ಕೆಂಪು ಗೆರೆ ಇದ್ದರೆ ಬಿಗಿ ಜಾಸ್ತಿ ಆಗಿದೆ ಎಂದೇ ಲೆಕ್ಕ. ಕೊನೆಗೆ ಎಡಕ್ಕೆ, ಬಲಕ್ಕೆ ಹೊರಳಿ ನೋಡಿ. ಮಾಸ್ಕಿನ ಮುಂಭಾಗದ ಸಣ್ಣ ತೂತುಗಳಿಂದ ಗಾಳಿ ಬರಲೇಬೇಕು, ಬಿಟ್ಟ ಉಸಿರು ಹೊರಹೋಗುವ ದಾರಿ ಅದು. ಸೋರಿಕೆಯೆಂದು ತಿಳಿದು ಅದಕ್ಕೆ ಟೇಪ್ ಅಂಟಿಸುವವರೂ ಇದ್ದಾರೆ. ದಮ್ಮಯ್ಯ, ಬೇಡ.

ಮೂಗಿನ ಮಾಸ್ಕ್ ಹಾಕಿ ಬೆಳಿಗ್ಗೆ ಬಾಯಿ ಒಣಗಿದರೆ ಬಾಯಿಯಿಂದ ಗಾಳಿ ಹೋಗುತ್ತಿರಬಹುದು. ಗಲ್ಲಕ್ಕೆ ಕಟ್ಟುವ ಪಟ್ಟಿ ನನಗೆ ಸರಿ ಕಾಣುವುದಿಲ್ಲ. ಮೂಗು, ಬಾಯಿ ಎರಡೂ ಮುಚ್ಚುವ ಮಾಸ್ಕ್ ಕೇಳಿ.

ಮಲಗುವ ಭಂಗಿ: ಮಗ್ಗುಲಿಗೆ. ಅಂಗಾತ ಮಲಗಿದರೆ ನಾಲಗೆ ಹಿಂದಕ್ಕೆ ಬಿದ್ದು ಗಂಟಲು ಕಟ್ಟುತ್ತದೆ. ನಿದ್ದೆಯಲ್ಲಿ ಅಂಗಾತ ಆಗುವವರು ಹಳೆ ಬನಿಯನ್ನಿನ ಬೆನ್ನಿಗೆ ಜೇಬು ಹೊಲಿಸಿ ಟೆನ್ನಿಸ್ ಚೆಂಡು ಇಟ್ಟುಕೊಳ್ಳಿ. ದಿಂಬಿನ ಅಂಚಿಗೆ ಮುಖ ತಂದರೆ ಮಾಸ್ಕ್ ಒತ್ತುವುದಿಲ್ಲ. ಪೈಪನ್ನು ತಲೆಯ ಮೇಲಿನಿಂದ ಇಳಿಬಿಡಿ, ಹೊರಳುವಾಗ ಎಳೆಯುವುದಿಲ್ಲ.

ಒತ್ತಡದ ವಿಷಯ. ಸಾಮಾನ್ಯ ಯಂತ್ರಗಳಲ್ಲಿ ಅದು 4ರಿಂದ 20ರವರೆಗೆ (ಅಳತೆ: ಸೆಂ.ಮೀ. ನೀರು, cmH2O) ಇರುತ್ತದೆ. ಆ ಅಂಕಿ ಡಾಕ್ಟ್ರಿಗೇ ಬಿಡಿ. ನೀವು ರ‍್ಯಾಂಪ್ ಸಮಯ ಮುಟ್ಟಿ, ಸಾಕು. ಶುರುವಿನಲ್ಲಿ ಗಾಳಿ ಸಾಲದೆ ಉಸಿರುಗಟ್ಟಿದಂತಾದರೆ ಆ ಸಮಯವನ್ನು ಕಮ್ಮಿ ಮಾಡಿ. ತೋರಿಸಲು ಹೋಗುವಾಗ ಯಂತ್ರದ ರಿಪೋರ್ಟ್ ಒಯ್ಯಿರಿ. ಅದರಲ್ಲಿ ಎಎಚ್‌ಐ, ಅಂದರೆ ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ತೀರಾ ಕುಗ್ಗಿತು ಎಂಬ ಲೆಕ್ಕ, 5ರೊಳಗೆ ಇದ್ದರೆ ಒಳ್ಳೆಯದು.

ನಮ್ಮ ಮಳೆಗಾಲದಲ್ಲಿ ಗಾಳಿಯೇ ಒದ್ದೆ. ಯಂತ್ರದ ಗಾಳಿಗೆ ತೇವ ಸೇರಿಸುವ ನೀರಿನ ಡಬ್ಬ, ಅಂದರೆ ಹ್ಯುಮಿಡಿಫೈಯರ್, 1 ಅಥವಾ 2ರಲ್ಲಿದ್ದರೆ ಧಾರಾಳ. ಎಸಿ ರೂಮಿನಲ್ಲಿ ಪೈಪಿನೊಳಗೆ ನೀರು ಕಟ್ಟಿ ಗುಳುಗುಳು ಎಂದರೆ ಇನ್ನೂ ಇಳಿಸಿ, ಯಂತ್ರವನ್ನು ಮಂಚಕ್ಕಿಂತ ಕೆಳಗಿಡಿ. ಡಿಸ್ಟಿಲ್ಡ್ ನೀರೇ ಹಾಕಿ, ಬಾವಿ ನೀರು ಬೇಡ. ದಿನಾ ಚೆಲ್ಲಿ ಒಣಗಿಸದಿದ್ದರೆ ಬೂಷ್ಟು ಬರುತ್ತದೆ. ತೊಳೆಯಲು ಓಜೋನ್ ಯಂತ್ರ ಮಾರಲು ಬಂದರೆ ಸುಮ್ನೆ ದುಡ್ಡು ದಂಡ. ಆ ಅನಿಲ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಉಗುರುಬೆಚ್ಚಗಿನ ನೀರು, ಮೆದು ಸೋಪು ಸಾಕು.

ಗುಡುಗು ಬಂದರೆ ಕರೆಂಟ್ ಹೋಗುತ್ತದೆ, ಅಲ್ವಾ? ಇನ್ವರ್ಟರಿಗೆ ಹಾಕುವಾಗ ಹ್ಯುಮಿಡಿಫೈಯರ್ ಬಂದ್ ಮಾಡಿ. ಬ್ಯಾಟರಿ ಬೇಗ ಇಳಿಸುವುದು ಅದರ ಹೀಟರೇ.