ಹಳದಿ ಪೆಟ್ಟಿಗೆಯ ಬೆನ್ನು ಓದುವುದು: ಮರೆತುಹೋದ ಇಟಾಲಿಯನ್ ಕೊಲೆರಹಸ್ಯ ಚಿತ್ರಗಳನ್ನು ಬೆಳಗಾವಿಯಲ್ಲಿ ಕೂತು ನೋಡುವ ಬಗೆ

ಕಳೆದ ಮಳೆಗಾಲದಲ್ಲಿ ಇಂಗ್ಲೆಂಡಿನಿಂದ ತರಿಸಿದ ಬ್ಲೂ-ರೇ (ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡುವ ಡಿಸ್ಕ್) ಪೆಟ್ಟಿಗೆಯೊಂದು ಟಿಳಕವಾಡಿಯ ನಮ್ಮ ಮನೆ ತಲುಪಿತು. ಮೂರು ಇಟಾಲಿಯನ್ ಕೊಲೆರಹಸ್ಯ ಚಿತ್ರಗಳು, ದಪ್ಪ ರಟ್ಟಿನ ಹೊರಕವಚ, ಒಳಗೊಂದು ಪುಸ್ತಿಕೆ. ರಾತ್ರಿ ಊಟ ಮುಗಿಸಿ, ಕಿಟಕಿಯ ಪರದೆ ಎಳೆದು, ಮೊದಲ ಡಿಸ್ಕನ್ನು ಪ್ಲೇಯರಿಗೆ ಹಾಕಿದರೆ, ಟಿವಿಯ ಮೇಲೆ ಮೂಡಿದ್ದು ಈ ಪ್ರದೇಶದಲ್ಲಿ ಈ ಡಿಸ್ಕ್ ನಡೆಯುವುದಿಲ್ಲ ಎಂಬ ಒಂದೇ ಸಾಲು. ಪಕ್ಕದಲ್ಲಿದ್ದ ತಂಗಿಯ ಮಗ ಪೆಟ್ಟಿಗೆಯನ್ನು ತಿರುಗಿಸಿ ನೋಡಿ, ‘ಮಾಮಾ, ಹಿಂದ ಬಿ ಅಂತ ಬರದಾರ ನೋಡ್ರಿ, ನೀವು ಬರೇ ಮುಂದಿನ ಚಿತ್ರ ನೋಡಿ ತರಿಸೀರಿ’ ಅಂದ. ಅವನ ಮಾತು ಸರಿಯಾಗಿಯೇ ಇತ್ತು. ಮಾರಿದವರು ಎಲ್ಲವನ್ನೂ ಬರೆದಿದ್ದರು. ಓದದೆ ಹಣ ಕಟ್ಟಿದವನು ನಾನು. ಇಲ್ಲಿ ಮುಂದೆ ಹೇಳುವುದೆಲ್ಲವೂ ಆ ಪೆಟ್ಟಿಗೆಯ ಬೆನ್ನನ್ನು ಓದುವ ಕ್ರಮಕ್ಕೆ ಸಂಬಂಧಿಸಿದ್ದು.

ಇಟಲಿಯಲ್ಲಿ ಈ ಬಗೆಯ ಚಿತ್ರಗಳಿಗೆ ‘ಜಾಲ್ಲೋ’ ಎನ್ನುತ್ತಾರೆ, ಬಹುವಚನದಲ್ಲಿ ‘ಜಾಲ್ಲಿ’. ಈ ಪದಕ್ಕೆ ಹಳದಿ ಎಂದಷ್ಟೇ ಅರ್ಥ. ಮಿಲಾನಿನ ಮೊಂದಾದೋರಿ ಪ್ರಕಾಶನವು 1929ರಲ್ಲಿ ಹಳದಿ ರಟ್ಟಿನ ಪತ್ತೇದಾರಿ ಕಾದಂಬರಿಗಳ ಮಾಲೆಯನ್ನು ಆರಂಭಿಸಿದ ಮೇಲೆ ಆ ಬಣ್ಣವೇ ಕೊಲೆಯ ಕಥೆಗೆ ಹೆಸರಾಯಿತು. ನಮ್ಮ ಕಡೆ ಬಸ್ ನಿಲ್ದಾಣದ ಅಂಗಡಿಯಲ್ಲಿ ದಾರಕ್ಕೆ ನೇತುಹಾಕಿ ಮಾರುತ್ತಿದ್ದ ಪತ್ತೇದಾರಿ ಪುಸ್ತಕಗಳಿಗೆ ಅಂತಹ ಒಂದೇ ಬಣ್ಣವಿರಲಿಲ್ಲ, ಇದ್ದಿದ್ದರೆ ನಾವೂ ಬಣ್ಣದ ಹೆಸರಿನಿಂದಲೇ ಕರೆಯುತ್ತಿದ್ದೆವೇನೋ. ಸಿನಿಮಾದಲ್ಲಿ ಈ ಪ್ರಕಾರಕ್ಕೆ ತಳಪಾಯ ಹಾಕಿದವರು ನಿರ್ದೇಶಕ ಮಾರಿಯೋ ಬಾವಾ. 1963ರ ಅವರ ಚಿತ್ರ ದಾರಿ ತೆರೆಯಿತು, 1964ರದ್ದು ಮುಖ ಮುಚ್ಚಿಕೊಂಡ, ಕೈಗವಸು ತೊಟ್ಟ ಕೊಲೆಗಾರನನ್ನು ನೆಲೆಗೊಳಿಸಿತು. 1970ರಲ್ಲಿ ದಾರಿಯೋ ಅರ್ಜೆಂತೋ ಅವರ ಮೊದಲ ಚಿತ್ರ ಭರ್ಜರಿಯಾಗಿ ಗೆದ್ದ ಮೇಲೆ ನಾಲ್ಕೈದು ವರ್ಷ ಇಟಲಿಯ ನಿರ್ಮಾಪಕರು ಇಂತಹವುಗಳನ್ನೇ ಸಾಲುಸಾಲಾಗಿ ತೆಗೆದರು. ನಿರ್ದೇಶಕರಾದ ಸೆರ್ಜೋ ಮಾರ್ತೀನೋ, ಲೂಚೋ ಫುಲ್ಚಿ, ಉಂಬೆರ್ತೋ ಲೆಂಜಿ ಅವರ ಹೆಸರುಗಳು ಉಳಿದವು. ಉಳಿದ ಹಲವರ ಚಿತ್ರಗಳು ಡಬ್ಬಿಗಳಲ್ಲೇ ಮಲಗಿದವು. ಇಂದು ಪೆಟ್ಟಿಗೆಯಾಗಿ ಬರುತ್ತಿರುವುದು ಮುಖ್ಯವಾಗಿ ಈ ಡಬ್ಬಿಯ ಸರಕು.

ಇಂತಹ ಪೆಟ್ಟಿಗೆಗಳಲ್ಲಿ ಹೆಚ್ಚು ಪರಿಚಿತವಾದದ್ದು ಅಮೆರಿಕದ ವಿನೆಗರ್ ಸಿಂಡ್ರೋಮ್ ಕಂಪನಿಯ ‘ಫರ್ಗಾಟನ್ ಜಾಲ್ಲಿ’ ಮಾಲೆ. ಬ್ರಿಟನ್ನಿನ ಆ್ಯರೋ ವಿಡಿಯೋ ಕೂಡ ಈ ಕ್ಷೇತ್ರದಲ್ಲಿ ಬಹಳ ಕೆಲಸ ಮಾಡಿದೆ. ಅಮೆರಿಕದ ಕಂಪನಿಯ ಹೆಸರಿಗೇ ಒಂದು ಅರ್ಥವಿದೆ: ಹಳೆಯ ಅಸಿಟೇಟ್ ಫಿಲ್ಮ್ ಕೊಳೆಯತೊಡಗಿದಾಗ ಅಸಿಟಿಕ್ ಆಮ್ಲ ಹೊರಬಿದ್ದು, ಡಬ್ಬಿ ತೆರೆದ ಕೂಡಲೇ ವಿನೆಗರಿನ ಹುಳಿ ವಾಸನೆ ಮೂಗಿಗೆ ಬಡಿಯುತ್ತದೆ, ಆ ರೋಗಕ್ಕೆ ವಿನೆಗರ್ ಸಿಂಡ್ರೋಮ್ ಎಂದೇ ಹೆಸರು. ಕೊಳ್ಳುವ ಮುನ್ನ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮರೆತುಹೋದ ಚಿತ್ರಗಳೆಲ್ಲವೂ ಅನ್ಯಾಯವಾಗಿಯೇ ಮರೆತುಹೋದವು ಎಂದು ನಂಬಬಾರದು. ಮೂರರ ಪೆಟ್ಟಿಗೆಯಲ್ಲಿ ಒಂದು ಚಿತ್ರ ನಿಜಕ್ಕೂ ಚೆನ್ನಾಗಿದ್ದು, ಇನ್ನೊಂದು ಸಂಗೀತಕ್ಕೋ ಊರಿನ ನೋಟಕ್ಕೋ ನೋಡಿಸಿಕೊಂಡು ಹೋಗಿ, ಮೂರನೆಯದು ತಾಳ್ಮೆಯನ್ನು ಪರೀಕ್ಷಿಸಿದರೆ ಆ ಪೆಟ್ಟಿಗೆಯನ್ನು ನಾನು ಲಾಭದ ಲೆಕ್ಕಕ್ಕೇ ಸೇರಿಸುತ್ತೇನೆ. ಎಲ್ಲವೂ ಇಟಾಲಿಯನ್ ಎಂದೂ ತಿಳಿಯಬಾರದು. ‘ಫರ್ಗಾಟನ್ ಜಾಲ್ಲಿ’ಯ ಮೊದಲ ಪೆಟ್ಟಿಗೆಯ ಮೂರು ಚಿತ್ರಗಳಲ್ಲಿ ಎರಡು ಸ್ಪೇನಿನವು.

ಈಗ ಪ್ರದೇಶದ ವಿಷಯ. ಬ್ಲೂ-ರೇ ಡಿಸ್ಕುಗಳಿಗೆ ಎ, ಬಿ, ಸಿ ಎಂದು ಮೂರು ವಲಯಗಳಿವೆ. ಅಮೆರಿಕ ಮತ್ತು ಜಪಾನ್ ಎ ವಲಯದಲ್ಲಿ, ಯುರೋಪ್ ಮತ್ತು ಆಸ್ಟ್ರೇಲಿಯಾ ಬಿ ವಲಯದಲ್ಲಿ, ಭಾರತ, ಚೀನಾ, ರಷ್ಯಾ ಸಿ ವಲಯದಲ್ಲಿ ಬರುತ್ತವೆ. ಇಲ್ಲಿ ಕೊಂಡ ಸಾಮಾನ್ಯ ಪ್ಲೇಯರ್ ಸಿ ಗುರುತಿನದನ್ನೂ, ಯಾವ ಬೀಗವೂ ಇಲ್ಲದ್ದನ್ನೂ ಮಾತ್ರ ಓದುತ್ತದೆ. ಆದ್ದರಿಂದ ಪೆಟ್ಟಿಗೆಯ ಹಿಂಬದಿಯಲ್ಲಿ ಎ, ಬಿ, ಸಿ ಮೂರೂ ಅಕ್ಷರಗಳಿವೆಯೇ ಎಂದು ಮೊದಲು ನೋಡಬೇಕು. ಡಿವಿಡಿಯ ಲೆಕ್ಕ ಬೇರೆ, ಅಲ್ಲಿ ಭಾರತ 5ನೆಯ ವಲಯ. ಇವೆಲ್ಲಕ್ಕಿಂತ ಸುಲಭದ ದಾರಿ 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕು, ಏಕೆಂದರೆ ಅವುಗಳಿಗೆ ಸಾಮಾನ್ಯವಾಗಿ ವಲಯದ ಬೀಗವೇ ಇರುವುದಿಲ್ಲ. ಮನೆಯಲ್ಲಿ ಹುಡುಗರ ಆಟಕ್ಕೆಂದು ಡಿಸ್ಕ್ ಹಾಕುವ ಪ್ಲೇಸ್ಟೇಷನ್ 5 ತಂದಿದ್ದರೆ ಅದರಲ್ಲೇ ಅವನ್ನು ನೋಡಬಹುದು. ಆದರೆ ಅದೇ ಪೆಟ್ಟಿಗೆಯೊಳಗಿನ ಸಾಮಾನ್ಯ ಬ್ಲೂ-ರೇ ಡಿಸ್ಕಿಗೆ ಬೀಗ ಇರಬಹುದು, ಹೆಚ್ಚುವರಿ ಸಂದರ್ಶನಗಳು ಕೆಲವೊಮ್ಮೆ ಅದರಲ್ಲೇ ಇರುತ್ತವೆ. ಎಲ್ಲ ವಲಯಗಳನ್ನೂ ಓದುವಂತೆ ಬದಲಿಸಿದ ಪ್ಲೇಯರನ್ನು ಹೊರದೇಶದಿಂದ ತರಿಸುವವರು ಅದರ ಹಿಂದೆ 100ರಿಂದ 240 ವೋಲ್ಟ್ ಎಂದು ಬರೆದಿದೆಯೇ ಎಂದು ನೋಡಿಕೊಳ್ಳಬೇಕು. ಬರೀ 110 ವೋಲ್ಟಿನದಾದರೆ ನಮ್ಮ ಕರೆಂಟಿಗೆ ಅದು ಒಂದೇ ಸಲಕ್ಕೆ ಸುಟ್ಟುಹೋಗುತ್ತದೆ.

ವಲಯ ಹೊಂದಿತೆಂದರೆ ಮುಂದೆ ಓದಬೇಕಾದದ್ದು ಚಿತ್ರವನ್ನು ಯಾವುದರಿಂದ ಸ್ಕ್ಯಾನ್ ಮಾಡಿದ್ದಾರೆ ಎಂಬುದನ್ನು. ‘ಹೊಸದಾಗಿ ಪುನರುಜ್ಜೀವನಗೊಳಿಸಿದ್ದು’ ಎಂಬ ಒಂದು ಮಾತಿನಿಂದ ಏನೂ ತಿಳಿಯುವುದಿಲ್ಲ. ‘ಒರಿಜಿನಲ್ ಕ್ಯಾಮೆರಾ ನೆಗೆಟಿವ್’ ಎಂದಿದ್ದರೆ, ಚಿತ್ರೀಕರಣದ ದಿನ ಕ್ಯಾಮೆರಾದೊಳಗೆ ಓಡಿದ ಫಿಲ್ಮಿನಿಂದಲೇ ತೆಗೆದದ್ದು ಎಂದರ್ಥ, ಅದಕ್ಕಿಂತ ಮೇಲಿನದಿಲ್ಲ. ‘ಇಂಟರ್‌ಪಾಸಿಟಿವ್’ ಎಂದರೆ ಆ ನೆಗೆಟಿವಿನಿಂದ ತೆಗೆದ ಪ್ರತಿ, ಒಂದು ಮೆಟ್ಟಿಲು ಕೆಳಗೆ. ‘ಪ್ರಿಂಟ್’ ಎಂದರೆ ಥಿಯೇಟರಿನಲ್ಲಿ ಓಡಿಸಿದ ಪ್ರತಿ, ಅದರಲ್ಲಿ ಗೀರು, ಜಿಗಿತ, ನೆರಳಿನೊಳಗೆ ಕಪ್ಪು ಗಟ್ಟಿಯಾಗಿರುವುದು ಸಹಜ. ಆದರೂ ಪ್ರಿಂಟಿನದೆಂದು ಮೂಗು ಮುರಿಯಬಾರದು. ನೆಗೆಟಿವ್ ಕಳೆದುಹೋದ ಚಿತ್ರಕ್ಕೆ ಆ ಒಂದು ಪ್ರತಿಯೇ ಗತಿ.

ವ್ಯತ್ಯಾಸ ಎಲ್ಲಿ ಕಾಣುತ್ತದೆ ಎಂಬುದನ್ನು ಒಂದು ದೃಶ್ಯದಿಂದ ಹೇಳುತ್ತೇನೆ. ಈ ಚಿತ್ರಗಳಲ್ಲಿ ಕಪ್ಪು ರೇನ್‌ಕೋಟ್ ತೊಟ್ಟ ಒಬ್ಬ ವ್ಯಕ್ತಿ ಕತ್ತಲ ಕೋಣೆಯಲ್ಲಿ ಮೇಜಿನ ಖಾನೆಯನ್ನು ಎಳೆಯುವ ಶಾಟ್ ಒಂದಾದರೂ ಇದ್ದೇ ಇರುತ್ತದೆ. ನನ್ನಲ್ಲಿದ್ದ ಹಳೆಯ ಡಿವಿಡಿಯಲ್ಲಿ ಅಂತಹ ಶಾಟಿನಲ್ಲಿ ಕೈಗವಸು, ತೋಳು, ಖಾನೆ ಎಲ್ಲವೂ ಒಂದೇ ಮಸಿಯ ಮುದ್ದೆಯಾಗಿತ್ತು. ನೆಗೆಟಿವಿನಿಂದ ತೆಗೆದ ಡಿಸ್ಕಿನಲ್ಲಿ ಚರ್ಮದ ಕೈಗವಸಿನ ಹೊಲಿಗೆ ಎಣಿಸಬಹುದಾಗಿತ್ತು, ಹೆಬ್ಬೆರಳ ಬಳಿ ಚರ್ಮ ಸುಕ್ಕುಗಟ್ಟಿದ್ದು ಕಾಣುತ್ತಿತ್ತು, ಕೈ ಗಂಡಸಿನದೋ ಹೆಂಗಸಿನದೋ ಎಂದು ಊಹಿಸುವಷ್ಟು ಆಕಾರ ಬಂದಿತ್ತು. ಕೊಲೆಗಾರ ಯಾರೆಂದು ಪತ್ತೆ ಹಚ್ಚುವ ಆಟದಲ್ಲಿ ಅದು ಸಣ್ಣ ಲಾಭವೇನಲ್ಲ.

ಅದೇ ಶಾಟಿನಲ್ಲಿ ಗಾಳಿಯಲ್ಲಿ ಮರಳು ಹಾರಿದಂತೆ ಕಣಗಳು ಅಲುಗುತ್ತಿರುವುದನ್ನು ಕಂಡು ಡಿಸ್ಕ್ ಕೆಟ್ಟಿದೆ ಎಂದುಕೊಳ್ಳಬೇಡಿ. ಅಂದಿನ ಅನೇಕ ಇಟಾಲಿಯನ್ ಚಿತ್ರಗಳನ್ನು ಟೆಕ್ನಿಸ್ಕೋಪ್ ಎಂಬ ಪದ್ಧತಿಯಲ್ಲಿ ತೆಗೆದಿದ್ದಾರೆ. ಸಾಮಾನ್ಯ 35 ಮಿಲಿಮೀಟರ್ ಫಿಲ್ಮಿನಲ್ಲಿ ಒಂದು ಚೌಕಟ್ಟು ಅಂಚಿನ ನಾಲ್ಕು ರಂಧ್ರಗಳಷ್ಟು ಎತ್ತರವಿದ್ದರೆ, ಇದರಲ್ಲಿ ಎರಡೇ ರಂಧ್ರ. ಅರ್ಧ ಫಿಲ್ಮಿನ ಖರ್ಚಿನಲ್ಲಿ ಅಗಲ ಪರದೆಯ ಚಿತ್ರ ಸಿಗುತ್ತಿದ್ದುದರಿಂದ ಕಡಿಮೆ ಬಂಡವಾಳದ ನಿರ್ಮಾಪಕರಿಗೆ ಅದು ವರವಾಗಿತ್ತು. ಅಷ್ಟು ಪುಟ್ಟ ಚೌಕಟ್ಟನ್ನು ಹಿಗ್ಗಿಸಿದಾಗ ಫಿಲ್ಮಿನ ಕಣಗಳೂ ಹಿಗ್ಗುತ್ತವೆ. ಆ ಕಣಗಳಲ್ಲೇ ಚಿತ್ರದ ವಿವರ ಅಡಗಿದೆ. ಟಿವಿ ಮಾತ್ರ ಅದನ್ನು ಕಸವೆಂದು ಭಾವಿಸಿ ಒರೆಸಲು ಹೊರಡುತ್ತದೆ, ಆಗ ಮುಖಗಳು ಮೇಣದ ಗೊಂಬೆಯಂತಾಗುತ್ತವೆ. ಆದ್ದರಿಂದ ಟಿವಿಯ ಸೆಟ್ಟಿಂಗಿನಲ್ಲಿ ನಾಯ್ಸ್ ರಿಡಕ್ಷನ್ ಮತ್ತು ಮೋಷನ್ ಸ್ಮೂತಿಂಗ್ ಎರಡನ್ನೂ ಆಫ್ ಮಾಡಿ, ಶಾರ್ಪ್‌ನೆಸ್ ಇಳಿಸಿ, ಸಿನಿಮಾ ಅಥವಾ ಫಿಲ್ಮ್‌ಮೇಕರ್ ಮೋಡಿನಲ್ಲಿಟ್ಟು, ಪ್ಲೇಯರಿನಲ್ಲಿ ಸೆಕೆಂಡಿಗೆ 24 ಫ್ರೇಮುಗಳ ಔಟ್‌ಪುಟ್ ಆನ್ ಮಾಡಬೇಕು. ಅಗಲ ಚಿತ್ರದ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುವುದನ್ನು ಸಹಿಸಲಾರದೆ ಝೂಮ್ ಒತ್ತುವವರು ನಮ್ಮ ಮನೆಯಲ್ಲೂ ಇದ್ದಾರೆ, ಅವರ ಕೈಗೆ ರಿಮೋಟ್ ಕೊಡಬೇಡಿ; ಕೊಲೆಗಾರ ಅಗಲ ಚೌಕಟ್ಟಿನ ಅಂಚಿನಲ್ಲೇ ನಿಂತಿರುವುದುಂಟು.

ಅವಧಿಯನ್ನೂ ಹೋಲಿಸಿ ನೋಡಬೇಕು. ಇಟಲಿಯಲ್ಲಿ ತೆರೆಕಂಡ ಪ್ರತಿಗಿಂತ ಹೊರದೇಶಕ್ಕೆ ಮಾರಿದ ಪ್ರತಿ ಅನೇಕ ಸಲ ಚಿಕ್ಕದಿರುತ್ತಿತ್ತು. ಆದರೆ ಯುರೋಪಿನ ಹಳೆಯ ಡಿವಿಡಿಯಲ್ಲಿ 96 ನಿಮಿಷವಿದ್ದ ಚಿತ್ರ ಬ್ಲೂ-ರೇಯಲ್ಲಿ 100 ನಿಮಿಷವಾದರೆ ನಾಲ್ಕು ನಿಮಿಷದ ಹೊಸ ದೃಶ್ಯ ಸಿಕ್ಕಿತೆಂದು ಹಿಗ್ಗುವಂತಿಲ್ಲ. ಅಲ್ಲಿನ ಟಿವಿ ಪದ್ಧತಿಗಾಗಿ 24 ಫ್ರೇಮಿನ ಚಿತ್ರವನ್ನು ಸೆಕೆಂಡಿಗೆ 25ರಂತೆ ಓಡಿಸಿದ್ದರಿಂದ ಅದು ಬೇಗ ಮುಗಿಯುತ್ತಿತ್ತು, ಅಷ್ಟೆ.

ಹೊಸಬರು ಹೆಚ್ಚು ಗೊಂದಲಕ್ಕೆ ಬೀಳುವುದು ಭಾಷೆಯ ಆಯ್ಕೆಯಲ್ಲಿ. ಇಟಾಲಿಯನ್ ಚಿತ್ರವೆಂದ ಮೇಲೆ ಇಟಾಲಿಯನ್ ಧ್ವನಿಯೇ ಮೂಲ, ಇಂಗ್ಲಿಷ್ ಬರೀ ಡಬ್ಬಿಂಗ್ ಎಂಬ ಊಹೆ ಇಲ್ಲಿ ನಿಲ್ಲುವುದಿಲ್ಲ. ಆ ಕಾಲದಲ್ಲಿ ಅಲ್ಲಿ ಚಿತ್ರೀಕರಣದ ಧ್ವನಿಯನ್ನು ಸಾಮಾನ್ಯವಾಗಿ ಬಳಸುತ್ತಿರಲಿಲ್ಲ. ಬೇರೆ ಬೇರೆ ದೇಶದ ನಟರು ತಮ್ಮ ತಮ್ಮ ಭಾಷೆಯಲ್ಲೋ ಒಡಕು ಇಂಗ್ಲಿಷಿನಲ್ಲೋ ಬಾಯಾಡಿಸುತ್ತಿದ್ದರು, ಆಮೇಲೆ ಸ್ಟುಡಿಯೋದಲ್ಲಿ ಎರಡೂ ಭಾಷೆಗೆ ಬೇರೆಯವರ ಕಂಠ ಕೂಡಿಸುತ್ತಿದ್ದರು. ಹೀಗಾಗಿ ಎರಡೂ ಡಬ್ಬಿಂಗೇ. ನಮ್ಮ ಅಕ್ಕ ಹತ್ತು ನಿಮಿಷ ನೋಡಿ, ‘ಬಾಯಿ ಒಂದ ಹೇಳತೈತಿ, ಧ್ವನಿ ಇನ್ನೊಂದ ಹೇಳತೈತಿ, ಇವರಾಗ ಸುಳ್ಳ ಹೇಳಾವ್ರು ಯಾರು?’ ಎಂದು ಕೇಳಿದ್ದು ಕೊಲೆರಹಸ್ಯಕ್ಕೆ ತಕ್ಕ ಪ್ರಶ್ನೆಯೇ ಆಗಿತ್ತು. ನಾನು ಅನುಸರಿಸುವ ಕ್ರಮ ಸರಳವಾದದ್ದು: ಮೊದಲ ಹತ್ತು ನಿಮಿಷ ನಾಯಕ ನಾಯಕಿಯರ ತುಟಿಯನ್ನು ಗಮನಿಸಿ, ಅವರು ಇಂಗ್ಲಿಷ್ ಆಡುತ್ತಿದ್ದರೆ ಇಂಗ್ಲಿಷ್, ಇಲ್ಲವಾದರೆ ಇಟಾಲಿಯನ್. ಊರಿನವರ ಹರಟೆ, ಪೊಲೀಸ್ ಠಾಣೆಯ ಗದ್ದಲ ಹೆಚ್ಚಿರುವ ಚಿತ್ರಕ್ಕೆ ಮಾತ್ರ ಕಣ್ಣು ಮುಚ್ಚಿ ಇಟಾಲಿಯನ್ ಹಾಕುತ್ತೇನೆ.

ಇದಕ್ಕೆ ಅಂಟಿಕೊಂಡೇ ಇನ್ನೆರಡು ಸೂಕ್ಷ್ಮಗಳಿವೆ. ಇಂಗ್ಲಿಷ್ ಸಬ್‌ಟೈಟಲಿನಲ್ಲಿ ಎರಡು ಬಗೆ: ಒಂದು ಇಟಾಲಿಯನ್ ಮಾತಿನ ಅನುವಾದ, ಇನ್ನೊಂದು ಇಂಗ್ಲಿಷ್ ಡಬ್ಬಿಂಗಿನ ಬರಹರೂಪ. ಎರಡನೆಯದನ್ನು ಇಟಾಲಿಯನ್ ಧ್ವನಿಯ ಮೇಲೆ ಹಾಕಿದರೆ ಒಂದು ಸಾಲು ಹೆಚ್ಚು, ಒಂದು ಸಾಲು ಕಡಿಮೆಯಾಗಿ, ಕೆಲವೊಮ್ಮೆ ಸಾಕ್ಷಿಯ ಮಾತೇ ತಿರುವುಮುರುವಾಗುತ್ತದೆ. ಎರಡನೆಯ ಸೂಕ್ಷ್ಮ, ಪತ್ರ ಮತ್ತು ಪತ್ರಿಕೆಗಳ ಶಾಟುಗಳದು. ಅನಾಮಧೇಯ ಪತ್ರವನ್ನೋ ಪತ್ರಿಕೆಯ ತಲೆಬರಹವನ್ನೋ ಇಟಲಿಗೆ ಇಟಾಲಿಯನ್ನಿನಲ್ಲಿ, ಹೊರದೇಶಕ್ಕೆ ಇಂಗ್ಲಿಷಿನಲ್ಲಿ ಬೇರೆ ಬೇರೆಯಾಗಿ ಚಿತ್ರೀಕರಿಸುತ್ತಿದ್ದರು. ಒಳ್ಳೆಯ ಡಿಸ್ಕುಗಳಲ್ಲಿ ಮೆನುವಿನಲ್ಲಿ ನೀವು ಆರಿಸಿದ ಭಾಷೆಗೆ ತಕ್ಕಂತೆ ಶೀರ್ಷಿಕೆಯೂ ಈ ಶಾಟುಗಳೂ ಬದಲಾಗುತ್ತವೆ. ಆದ್ದರಿಂದ ಭಾಷೆಯನ್ನು ಮೆನುವಿನಲ್ಲೇ ಆರಿಸಬೇಕು. ಚಿತ್ರ ನಡೆಯುವಾಗ ರಿಮೋಟಿನ ಆಡಿಯೋ ಗುಂಡಿ ಒತ್ತಿದರೆ ಧ್ವನಿ ಬದಲಾದರೂ ಪತ್ರ ಹಾಗೇ ಉಳಿದು ಸುಳಿವು ಕೈತಪ್ಪುತ್ತದೆ. ಧ್ವನಿಯಲ್ಲಿ ಮೂಲದ ಮೋನೋ ಇದ್ದರೆ ಅದನ್ನೇ ಹಾಕಿ. ಎನ್ನಿಯೋ ಮೊರಿಕೋನೆ, ಬ್ರೂನೋ ನಿಕೊಲಾಯ್ ಅವರಂತಹವರು ಈ ಚಿತ್ರಗಳಿಗೆ ಕೊಟ್ಟ ಸಂಗೀತವು ಒಂದೇ ಸ್ಪೀಕರಿನಿಂದ ಕೇಳಲೆಂದು ಹದ ಮಾಡಿದ್ದು, ಅದನ್ನು ಐದು ಕಡೆಗೆ ಹರವಿದರೆ ತೆಳ್ಳಗಾಗುತ್ತದೆ.

ನೋಡುವ ಕ್ರಮದಲ್ಲಿ ಒಂದೇ ಕಟ್ಟುನಿಟ್ಟು: ಚಿತ್ರ ಮುಗಿಯುವವರೆಗೆ ಪುಸ್ತಿಕೆಯನ್ನು ತೆರೆಯಬಾರದು. ಅದರಲ್ಲಿ ಬರೆಯುವ ವಿದ್ವಾಂಸರು ಎಲ್ಲರೂ ಚಿತ್ರ ನೋಡಿದ್ದಾರೆಂದು ಭಾವಿಸಿ ಎರಡನೆಯ ಪುಟದಲ್ಲೇ ಕೊಲೆಗಾರನ ಹೆಸರು ಹೇಳಿಬಿಡುತ್ತಾರೆ. ಟ್ರೇಲರ್, ಸಂದರ್ಶನ, ಮೆನುವಿನ ಹಿನ್ನೆಲೆಯಲ್ಲಿ ಓಡುವ ತುಣುಕುಗಳೂ ಅಷ್ಟೇ ಅಪಾಯಕಾರಿ, ಮೆನು ಬಂದ ಕೂಡಲೇ ಪ್ಲೇ ಒತ್ತಿ. ರಾತ್ರಿಗೆ ಒಂದೇ ಚಿತ್ರ ಸಾಕು, ಮೂರನ್ನೂ ಒಟ್ಟಿಗೆ ನೋಡಿದರೆ ಯಾವ ಕೈಗವಸು ಯಾವ ಚಿತ್ರದ್ದೆಂದು ನೆನಪುಳಿಯುವುದಿಲ್ಲ. ನಗ್ನತೆಯೂ ಹಿಂಸೆಯೂ ಧಾರಾಳವಾಗಿರುವುದರಿಂದ ಮಕ್ಕಳು ಮಲಗಿದ ಮೇಲಷ್ಟೇ ಹಾಕಬೇಕು. ಅದೇ ಕಾರಣಕ್ಕೆ ಪೆಟ್ಟಿಗೆ ತರಿಸುವಾಗ ಹೊರಚಿತ್ರ ಹೇಗಿದೆ ಎಂದೂ ನೋಡಬೇಕು, ಪಾರ್ಸಲ್ ತೆರೆದು ನೋಡುವ ಅಧಿಕಾರ ಕಸ್ಟಮ್ಸ್‌ನವರಿಗಿದೆ. ತೆರಿಗೆ ಮತ್ತು ಕೊರಿಯರ್ ಶುಲ್ಕ ಪೆಟ್ಟಿಗೆಯ ಬೆಲೆಯ ಮೇಲೆ ಬೀಳುವುದನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಅಲಂಕಾರದ ಹೊರಕವಚವಿರುವ ಸೀಮಿತ ಆವೃತ್ತಿಗೇ ಹಟ ಹಿಡಿಯದವರು ಕೆಲವು ತಿಂಗಳು ಕಾದರೆ, ಎಷ್ಟೋ ಸಲ ಅದೇ ಡಿಸ್ಕುಗಳು ಸಾದಾ ಪೆಟ್ಟಿಗೆಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ.

ಬೆಳಗಾವಿಯ ಮಳೆ ಜೂನಿನಲ್ಲಿ ಹಿಡಿದರೆ ಗೋಡೆಯೂ ಬೆವರುತ್ತದೆ. ಡಿಸ್ಕಿಗೆ ಅದರಿಂದ ಅಷ್ಟು ತೊಂದರೆಯಿಲ್ಲ, ರಟ್ಟಿಗೆ ಮಾತ್ರ ಬೂಷ್ಟು ಹಿಡಿಯುತ್ತದೆ. ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡದೆ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ನಿಲ್ಲಿಸಿ ಇಡಬೇಕು. ಪೊಟ್ಟಣ ಖರೀದಿಸುವುದೂ ಬೇಡ, ಹೊಸ ಚಪ್ಪಲಿಯ ಡಬ್ಬಿಯಲ್ಲಿ ಬಂದದ್ದನ್ನು ಎಸೆಯದಿದ್ದರೆ ಸಾಕು. ಡಿಸ್ಕನ್ನು ಒರೆಸುವಾಗ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತು ತಿರುಗಿಸಬಾರದು. ಬ್ಲೂ-ರೇಯಲ್ಲಿ ಮಾಹಿತಿಯ ಪದರ ಮೇಲ್ಮೈಯಿಂದ ಕೇವಲ 0.1 ಮಿಲಿಮೀಟರ್ ಒಳಗಿದೆ.

ನನ್ನ ಬಿ ವಲಯದ ಪೆಟ್ಟಿಗೆ ನಾಲ್ಕು ತಿಂಗಳು ಅಂತಹ ಡಬ್ಬದಲ್ಲೇ ಕಾಯಿತು. ದೀಪಾವಳಿಯ ಹೊತ್ತಿಗೆ ಎಲ್ಲ ವಲಯದ ಪ್ಲೇಯರ್ ಬಂದ ಮೇಲೆ ತಂಗಿಯ ಮಗನೇ ಮೊದಲ ಡಿಸ್ಕ್ ಹಾಕಿದ, ಹಾಕುವ ಮೊದಲು ಪುಸ್ತಿಕೆಯನ್ನು ನನ್ನ ಕೈಯಿಂದ ಕಸಿದು ಕಪಾಟಿನ ಮೇಲಿಟ್ಟ.