ದೇವಸ್ಥಾನ ಮೊದಲು, ವೈನರಿ ಆಮೇಲೆ

ನಂದಿ ಗ್ರಾಮದ ಕಡೆ ವೈನರಿ, ಅಂದರೆ ವೈನ್ ತಯಾರಿಸುವ ಜಾಗ, ನೋಡಲು ಮೊದಲ ಸಲ ಹೋದಾಗ ಎರಡು ಎಡವಟ್ಟು ಮಾಡಿದೆ. ಒಂದು, ಹೋದದ್ದು ಆಗಸ್ಟಿನಲ್ಲಿ. ಬಳ್ಳಿಯಲ್ಲಿ ಎಲೆ ಬಿಟ್ಟರೆ ಏನೂ ಇರಲಿಲ್ಲ. ಎರಡು, ವೈನರಿ ಮುಗಿಸಿ ಭೋಗನಂದೀಶ್ವರನ ದರ್ಶನಕ್ಕೆ ಹೋಗೋಣ ಅಂದೆ. "ಕುಡಿದ ಬಾಯಲ್ಲಿ ಗುಡಿಗೆ ನಾನಂತೂ ಬರಲ್ಲ ಕಣ್ರೀ" ಅಂತ ಹೆಂಡತಿ ಕಾರಿನಿಂದ ಇಳಿಯಲೇ ಇಲ್ಲ.

ಈ ಸಲ ಹೊರಟದ್ದು ಮಾರ್ಚ್ ಮೊದಲ ವಾರ. ನಮ್ಮ ಕಡೆ ವೈನ್ ದ್ರಾಕ್ಷಿಗೆ ವರ್ಷಕ್ಕೆ ಎರಡು ಕಟಿಂಗ್ (ಬಳ್ಳಿ ಸವರುವುದು): ಬೇಸಿಗೆಯಲ್ಲೊಂದು, ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಇನ್ನೊಂದು. ಆ ಎರಡನೆಯದರ ಚಿಗುರಲ್ಲಿ ಬಂದ ಗೊಂಚಲು ಫೆಬ್ರವರಿ-ಮಾರ್ಚ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಫ್ರಾನ್ಸಿನ ಕೊಯ್ಲಿನ ಫೋಟೋ ನೋಡಿ ಸೆಪ್ಟೆಂಬರಿನಲ್ಲಿ ಹೋದರೆ ಇಲ್ಲಿ ಕತ್ತರಿ ಸದ್ದು ಕೇಳಬಹುದು, ಅಷ್ಟೇ.

ಸ್ಟಿಯರಿಂಗ್ ಭಾವನವರ ಕೈಗೆ ಕೊಟ್ಟೆ. ಅವರು ಕುಡಿಯುವವರಲ್ಲ. ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಆಲ್ಕೋಹಾಲ್. ಐದಾರು ಬಗೆ ರುಚಿ ನೋಡಿದ ಮೇಲೆ ನಾನು ಎಲ್ಲಿದ್ದೇನೆಂದು ನನಗೆ ಹೇಗೆ ಗೊತ್ತಾಗಬೇಕು? ಭಾವನಂಥವರು ಸಿಗದಿದ್ದರೆ ಡ್ರೈವರ್ ಕರೆದುಕೊಂಡು ಹೋಗಿ.

ಶನಿವಾರ ಬೆಳಗ್ಗೆ ನಂದಿ ಗ್ರಾಮದ ಗುಡಿ, ತಿಂಡಿ, ಆಮೇಲೆ ದೊಡ್ಡಬಳ್ಳಾಪುರದ ಕಡೆ ರಘುನಾಥಪುರದ ಗ್ರೋವರ್ ಜಾಂಪಾ ವೈನರಿ. 1988ರಲ್ಲಿ ಶುರುವಾದ ಕಂಪನಿ. ಆಗ ಈ ಸೀಮೆಯಲ್ಲಿ ದ್ರಾಕ್ಷಿ ಅಂದರೆ ಬೆಂಗಳೂರು ಬ್ಲೂ ಅನ್ನುವ ಕಪ್ಪು ದ್ರಾಕ್ಷಿ ಮಾತ್ರ ಅಂದುಕೊಂಡಿದ್ದವರೇ ಹೆಚ್ಚು. ಅದನ್ನು ಚಪ್ಪರದ ಮೇಲೆ ಹಬ್ಬಿಸುತ್ತಾರೆ. ಇಲ್ಲಿ ಶಿರಾಜ್, ಕ್ಯಾಬರ್ನೆ ಎಂಬ ವೈನ್ ತಳಿಗಳ ಬಳ್ಳಿಗಳು ತಂತಿಗೆ ಸಾಲಾಗಿ ನಿಂತಿದ್ದವು. ಒಂದು ಕಾಳು ಬಾಯಿಗೆ ಹಾಕಿಕೊಂಡೆ. ಗೋಲಿಗಿಂತ ಚಿಕ್ಕದು, ಸಿಪ್ಪೆ ದಪ್ಪ, ಬೀಜ ದೊಡ್ಡದು, ಆದರೆ ಅಂಗಡಿ ದ್ರಾಕ್ಷಿಗಿಂತ ಸಿಹಿ. ಆ ಸಕ್ಕರೆಯೇ ರಸವನ್ನು ಹುದುಗಿಸುವ ಯೀಸ್ಟ್‌ಗೆ ಆಹಾರ. ಹಗಲು ಬಿಸಿಲು, ರಾತ್ರಿ ತಂಪು, ಅದಕ್ಕೇ ಸಿಹಿ ಏರಿದರೂ ಹುಳಿ ಪೂರ್ತಿ ಇಳಿಯುವುದಿಲ್ಲ.

ಒಳಗೆ ಸ್ಟೀಲ್ ಟ್ಯಾಂಕುಗಳ ಹತ್ತಿರ ಸಾರಾಯಿ ವಾಸನೆ ಇರುತ್ತದೇನೋ ಅಂತ ಭಾವ ಮೂಗು ಮುಚ್ಚಿಕೊಂಡೇ ಬಂದರು. ಬಂದದ್ದು ದೋಸೆಹಿಟ್ಟು ಹುದುಗಿದ ವಾಸನೆ. ಬಿಳಿ ವೈನಿಗೆ ರಸ ಹಿಂಡಿ ಸಿಪ್ಪೆ ಬೇರೆ ಮಾಡುತ್ತಾರೆ, ಕೆಂಪಿಗೆ ಸಿಪ್ಪೆ ಸಮೇತ ಹುದುಗಿಸುತ್ತಾರೆ. ಬಣ್ಣ ಸಿಪ್ಪೆಯದ್ದು, ಒಗರು ಸಿಪ್ಪೆ, ಬೀಜ ಎರಡರದ್ದೂ. ರುಚಿ ನೋಡುವಾಗ ಹೆಂಡತಿ ಹೇಳಿದ್ದು ಯಾವ ಪಂಡಿತರೂ ಹೇಳಲಾರರು: "ನೇರಳೆಹಣ್ಣು ತಿಂದು ಬೀಜ ಅಗಿದ ಹಾಗಿದೆ." ಉಗುಳಲು ಪಾತ್ರೆ ಇಟ್ಟಿರುತ್ತಾರೆ. ನಾಚಿಕೆ ಬೇಡ, ಮೂರನೆಯದರಿಂದಾಚೆ ಉಗುಳಿದರೇ ನಾಲಿಗೆಗೆ ವ್ಯತ್ಯಾಸ ತಿಳಿಯುವುದು. ಹೊಟ್ಟೆಗೆ ಏನಾದರೂ ಬಿದ್ದಿರಲಿ. ಟೂರ್ ಮುಂಚೆಯೇ ಬುಕ್ ಮಾಡಿಕೊಳ್ಳಿ.

ರಾತ್ರಿ ರೆಸಾರ್ಟ್ ಹುಡುಕಲಿಲ್ಲ, ಮನೆಗೇ ಬಂದು ಮಲಗಿದೆವು. ಭಾನುವಾರ ಮೈಸೂರು ರಸ್ತೆಗಿಳಿದು ಚನ್ನಪಟ್ಟಣ. ಅಲ್ಲಿರುವುದು ಡೊಮೇನ್ ಸುಲಾ. ಹಿಂದೆ ಹೆರಿಟೇಜ್ ವೈನರಿ ಆಗಿತ್ತು. ಹೆದ್ದಾರಿಗೆ ಹತ್ತಿರ, ಹಾಗಾಗಿ ಜನವೂ ಜಾಸ್ತಿ. ಶನಿವಾರದ ನಿಧಾನ ಅಲ್ಲಿ ಸಿಗಲಿಲ್ಲ.

ಆಮೇಲೆ ಮಗುವಿಗೆ ಬುಗುರಿ, ಗಿಲಕಿ ಕೊಳ್ಳಲು ಬೊಂಬೆ ಅಂಗಡಿಗೆ ಹೋದೆವು. ಎರಡು ತಾಸು ಕಾರು ಬಿಸಿಲಲ್ಲಿತ್ತು. ವಾಪಸ್ ಬಂದು ಡಿಕ್ಕಿ ತೆಗೆದರೆ ನಾವು ಕೊಂಡಿದ್ದ ಒಂದು ವೈನ್ ಬಾಟಲಿಯ ಕಾರ್ಕ್ ಮೇಲೆ ಉಬ್ಬಿ, ಕೆಂಪು ವೈನ್ ಅಂಟಂಟಾಗಿ ಹೆಂಡತಿಯ ದುಪಟ್ಟಾಕ್ಕೆ ಇಳಿದಿತ್ತು. ಮಿಕ್ಕ ಬಾಟಲಿಗಳನ್ನು ಸೀಟಿನ ಕೆಳಗೆ ಇಟ್ಟು ಎ.ಸಿ. ಹಾಕಿದೆವು. ಈಗ ಡಿಕ್ಕಿಯಲ್ಲಿ ಮೀನಿನವರ ಬಳಿ ಇರುತ್ತದಲ್ಲ, ಅಂಥ ಥರ್ಮಾಕೋಲ್ ಡಬ್ಬಿ ಇದೆ.

ಭಾವ ಮಾತ್ರ ಶನಿವಾರ ರಸ್ತೆ ಬದಿಯಲ್ಲಿ ಕೊಂಡ ಎರಡು ಕೆ.ಜಿ. ಬೆಂಗಳೂರು ಬ್ಲೂ ಚೀಲವನ್ನು ಎರಡೂ ದಿನ ಕಾಲ ಬುಡದಲ್ಲೇ ಇಟ್ಟುಕೊಂಡಿದ್ದರು. ಒಂದು ಕಾಳೂ ಕೆಟ್ಟಿರಲಿಲ್ಲ.